ಮುಂದಿನ ಅಪ್‌ಡೇಟ್ ಆದ ಮೇಲೂ ವೈಫೈ ಬರಬೇಕು
ಕರ್ನಲ್ ಮಾಡ್ಯೂಲ್, ಫರ್ಮ್‌ವೇರ್ ಮತ್ತು ಪ್ಯಾಕೇಜಿಂಗ್: ಡೆಬಿಯನ್ ಇಟ್ಟುಕೊಂಡು ಒಂದು ಪಾಠ

ಸೋಮವಾರ ಬೆಳಿಗ್ಗೆ ನೆಟ್‌ವರ್ಕ್ಸ್ ಲ್ಯಾಬ್ ಇಂಟರ್ನಲ್ಸ್ ಇತ್ತು. ಶನಿವಾರ ಸಂಜೆ ಚೆನ್ನಾಗೇ ಓಡುತ್ತಿದ್ದ ಆರು ಹಳೇ ಡೆಸ್ಕ್‌ಟಾಪ್‌ಗಳಲ್ಲಿ ಒಂದರಲ್ಲೂ ವೈಫೈ ಇಲ್ಲ. "ಯಾರೂ ಏನೂ ಮುಟ್ಟಿಲ್ಲ ಸಾರ್" ಅಂದ್ವಿ. ಅದು ನಿಜವೇ. ಯಾರೂ ಮುಟ್ಟಿರಲಿಲ್ಲ. ಭದ್ರತಾ ಅಪ್‌ಡೇಟ್ ತಾನಾಗೇ ಆಗಲಿ ಅಂತ ನಾವೇ ಸೆಟ್ ಮಾಡಿದ್ವಿ, ಅದರ ಜೊತೆ ಹೊಸ ಕರ್ನಲ್ ಬಂದು ಕೂತಿತ್ತು. ಶನಿವಾರ ಆಫ್ ಮಾಡಿದ ಮಷೀನುಗಳು ಸೋಮವಾರ ಆನ್ ಆಗುವಾಗ ಹೊಸ ಕರ್ನಲ್‌ನಲ್ಲೇ ಎದ್ದವು.

ತಪ್ಪು ಅಪ್‌ಡೇಟ್‌ದಲ್ಲ, ನಮ್ಮದು. ಒಂದು ತಿಂಗಳ ಹಿಂದೆ ಆ ಮಷೀನುಗಳಿಗೆ ಯುಎಸ್‌ಬಿ ವೈಫೈ ಡಾಂಗಲ್ ಹಾಕಿದಾಗ ಡ್ರೈವರ್‌ನ ಸೋರ್ಸ್ ಇಳಿಸಿ, ಮೇಕ್ ಹೊಡೆದು, ಸೂಡೊ ಮೇಕ್ ಇನ್‌ಸ್ಟಾಲ್ ಹೊಡೆದಿದ್ವಿ. ಒಂದು ಫರ್ಮ್‌ವೇರ್ ಫೈಲನ್ನೂ ಕೈಯಾರೆ ಕಾಪಿ ಮಾಡಿದ್ವಿ. ವೈಫೈ ಬಂತು, ಫೋಟೋ ತೆಗೆದು ಸ್ಟೇಟಸ್ ಹಾಕಿದ್ವಿ, ಕೆಲಸ ಮುಗೀತು ಅಂದುಕೊಂಡ್ವಿ. ಆದರೆ ಮುಗಿದಿದ್ದು ಅರ್ಧ ಕೆಲಸ ಮಾತ್ರ. ಇವತ್ತು ಓಡೋದು ಡ್ರೈವರ್‌ನ ಕೆಲಸ. ಮುಂದಿನ ಅಪ್‌ಡೇಟ್ ಆದ ಮೇಲೂ ಓಡೋ ಹಾಗೆ ನೋಡಿಕೊಳ್ಳೋದು ಪ್ಯಾಕೇಜಿಂಗ್‌ನ ಕೆಲಸ. ಈ ಉಳಿದರ್ಧ ಸಿಲೆಬಸ್‌ನಲ್ಲಿ ಇಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇವೆ.

ಒಂದು ಮಾತು ಮೊದಲೇ ಹೇಳಿಬಿಡ್ತೀವಿ: ಕಮಾಂಡ್ ಮತ್ತು ಫೋಲ್ಡರ್ ಹೆಸರುಗಳನ್ನು ಉಚ್ಚಾರಣೆಯ ಹಾಗೆ ಕನ್ನಡದಲ್ಲಿ ಬರೆದಿದ್ದೇವೆ. ಟರ್ಮಿನಲ್‌ನಲ್ಲಿ ಮಾತ್ರ ಇಂಗ್ಲಿಷ್‌ನಲ್ಲೇ ಟೈಪ್ ಮಾಡಿ!

ಮಾಡ್ಯೂಲ್ ಬೇರೆ, ಫರ್ಮ್‌ವೇರ್ ಬೇರೆ

ಇವೆರಡನ್ನೂ ಸೇರಿಸಿ "ಡ್ರೈವರ್" ಅನ್ನೋದು ನಮ್ಮೆಲ್ಲರ ರೂಢಿ. ಪ್ಯಾಕೇಜ್ ಮಾಡೋರಿಗೆ ಈ ರೂಢಿ ನಡೆಯೋಲ್ಲ.

ಕರ್ನಲ್ ಮಾಡ್ಯೂಲ್ ಅಂದರೆ ಡಾಟ್ ಕೆಓ ಫೈಲ್. ಇದು ನಿಮ್ಮ ಕಂಪ್ಯೂಟರಿನ ಮುಖ್ಯ ಪ್ರೊಸೆಸರ್ ಮೇಲೆ, ಕರ್ನಲ್‌ನ ಒಳಗೇ, ಕರ್ನಲ್‌ಗೆ ಇರುವಷ್ಟೇ ಅಧಿಕಾರದಿಂದ ಓಡುತ್ತೆ. ಇರೋ ಜಾಗ /ಲಿಬ್/ಮಾಡ್ಯೂಲ್ಸ್/ ಒಳಗೆ. ಅಲ್ಲಿ ಒಂದೊಂದು ಕರ್ನಲ್ ವರ್ಷನ್‌ಗೂ ಒಂದೊಂದು ಫೋಲ್ಡರ್.

ಫರ್ಮ್‌ವೇರ್ ಓಡೋದು ಸಾಧನದ ಒಳಗೆ. ವೈಫೈ ಚಿಪ್‌ನಲ್ಲಿ ಅದರದ್ದೇ ಪುಟ್ಟ ಪ್ರೊಸೆಸರ್ ಇರುತ್ತೆ, ಅದಕ್ಕೆ ಬೇಕಾದ ಪ್ರೋಗ್ರಾಂ ಇದು. ಚಿಪ್‌ನಲ್ಲಿ ಶಾಶ್ವತ ಮೆಮೊರಿ ಇಟ್ಟರೆ ಖರ್ಚು ಜಾಸ್ತಿ, ಹಾಗಾಗಿ ಎಷ್ಟೋ ಸಾಧನಗಳು ಪ್ರತಿ ಸಲ ಆನ್ ಆದಾಗಲೂ ಖಾಲಿ ಕೈಯಲ್ಲಿ ಎದ್ದು "ನನ್ನ ಪ್ರೋಗ್ರಾಂ ಕೊಡಿ" ಅಂತ ಕೇಳ್ತವೆ. ಕರ್ನಲ್ ಇಲ್ಲಿ ಅಂಚೆಯಣ್ಣ ಇದ್ದ ಹಾಗೆ. /ಲಿಬ್/ಫರ್ಮ್‌ವೇರ್‌ನಿಂದ ಲಕೋಟೆ ತಗೊಂಡು ಚಿಪ್‌ಗೆ ತಲುಪಿಸುತ್ತೆ, ಒಳಗೆ ಏನು ಬರೆದಿದೆ ಅಂತ ಓದಲ್ಲ.

ಈ ವ್ಯತ್ಯಾಸದಿಂದ ಒಂದು ದೊಡ್ಡ ವಿಷಯ ಗೊತ್ತಾಗುತ್ತೆ. ಮಾಡ್ಯೂಲ್‌ನ ಗಂಟು ಕರ್ನಲ್ ವರ್ಷನ್ ಜೊತೆ. ಫರ್ಮ್‌ವೇರ್‌ನ ಗಂಟು ಸಾಧನ ಮತ್ತು ಡ್ರೈವರ್ ಜೊತೆ. ಆ ಸೋಮವಾರ ನಮ್ಮ ಫರ್ಮ್‌ವೇರ್ ಫೈಲ್ ಇದ್ದಲ್ಲೇ ಇತ್ತು, ಕಾಣೆಯಾಗಿದ್ದು ಮಾಡ್ಯೂಲ್. ಹೊಸ ಕರ್ನಲ್‌ನ ಫೋಲ್ಡರ್‌ನಲ್ಲಿ ಅದು ಇರಲೇ ಇಲ್ಲ.

ಡಾಂಗಲ್ ಸಿಕ್ಕಿಸಿದಾಗ ಏನೇನಾಗುತ್ತೆ

1. ಡಾಂಗಲ್ ತನ್ನ ತಯಾರಕರ ಸಂಖ್ಯೆ, ಉತ್ಪನ್ನದ ಸಂಖ್ಯೆ ಎರಡನ್ನೂ ಹೇಳುತ್ತೆ. ಒಂದೊಂದೂ 16 ಬಿಟ್. ಎಲ್‌ಎಸ್‌ಯುಎಸ್‌ಬಿ ಹೊಡೆದರೆ ಕಾಣೋದು ಇವೇ.
2. ಕರ್ನಲ್ ಇವನ್ನೆಲ್ಲ ಸೇರಿಸಿ ಮಾಡ್‌ಅಲಿಯಾಸ್ ಅನ್ನೋ ಒಂದು ಸಾಲು ಮಾಡಿ ಯುಡೆವ್‌ಗೆ ಹೇಳುತ್ತೆ.
3. ಆ ಸಾಲಿಗೆ ಯಾವ ಮಾಡ್ಯೂಲ್ ಹೊಂದುತ್ತೆ ಅಂತ ಒಂದು ಪಟ್ಟಿಯಲ್ಲಿ ಹುಡುಕಿ ಲೋಡ್ ಮಾಡಲಾಗುತ್ತೆ. ಈ ಪಟ್ಟಿ ತಯಾರಿಸೋದು ಡೆಪ್‌ಮಾಡ್. ಹೊಸ ಮಾಡ್ಯೂಲ್ ಹಾಕಿ ಡೆಪ್‌ಮಾಡ್ ಓಡಿಸದಿದ್ದರೆ ಫೈಲ್ ಇದ್ದರೂ ಯಾರ ಕಣ್ಣಿಗೂ ಬೀಳಲ್ಲ.
4. ಮಾಡ್ಯೂಲ್ ಎದ್ದು, ಸಾಧನವನ್ನು ಮಾತಾಡಿಸಿ, ರಿಕ್ವೆಸ್ಟ್ ಫರ್ಮ್‌ವೇರ್ ಅನ್ನೋ ಫಂಕ್ಷನ್ ಕರೆದು ಒಂದು ಫೈಲ್ ಹೆಸರು ಕೊಡುತ್ತೆ.
5. ಕರ್ನಲ್ ಆ ಫೈಲನ್ನು ಹುಡುಕಿ ತಂದುಕೊಡುತ್ತೆ. ಸಿಗದಿದ್ದರೆ ಡಿಮೆಸೇಜ್‌ನಲ್ಲಿ "ಎರರ್ -2" ಅಂತ ಬರುತ್ತೆ. ಈ ಮೈನಸ್ ಎರಡರ ಅರ್ಥ ಇಷ್ಟೇ: ಅಂಥ ಫೈಲ್ ಇಲ್ಲ.

ಮೊದಲ ಹೆಜ್ಜೆಯನ್ನು ಹಗುರವಾಗಿ ತಗೋಬೇಡಿ. ಡಬ್ಬಿ ಮೇಲಿನ ಹೆಸರು ನಂಬೋ ಹಾಗಿಲ್ಲ. ಟಿಪಿ-ಲಿಂಕ್‌ನ ಟಿಎಲ್-ಡಬ್ಲ್ಯೂಎನ್722ಎನ್ ಅನ್ನೋ ಡಾಂಗಲ್ ನೋಡಿ. ಅದರ 1ನೇ ಆವೃತ್ತಿಯಲ್ಲಿ ಅಥೆರೋಸ್‌ನ ಎಆರ್9271 ಚಿಪ್ ಇದೆ. 2ನೇ ಆವೃತ್ತಿಯಿಂದ ರಿಯಲ್‌ಟೆಕ್ ಚಿಪ್. ಹೆಸರು ಒಂದೇ ಆದರೂ ಬೇಕಾದ ಮಾಡ್ಯೂಲ್ ಬೇರೆ, ಫರ್ಮ್‌ವೇರ್ ಬೇರೆ. ಪ್ಯಾಕೇಜ್ ಹುಡುಕೋ ಮೊದಲು ಸಂಖ್ಯೆ ನೋಡಿ, ಡಬ್ಬಿ ನೋಡಬೇಡಿ.

ಹಳೇ ಮಾಡ್ಯೂಲನ್ನೇ ಯಾಕೆ ಒಪ್ಪಲ್ಲ?

ಆ ಬೆಳಿಗ್ಗೆ ನಾವು ಮೊದಲು ಮಾಡಿದ ಉಪಾಯ: ಹಳೇ ಕರ್ನಲ್‌ನ ಫೋಲ್ಡರ್‌ನಲ್ಲಿದ್ದ ಡಾಟ್ ಕೆಓ ಫೈಲನ್ನು ಹೊಸ ಫೋಲ್ಡರ್‌ಗೆ ಕಾಪಿ ಮಾಡೋದು. ಕರ್ನಲ್ ಒಪ್ಪಲಿಲ್ಲ. ಸಿಂಬಲ್‌ನ ವರ್ಷನ್ ಹೊಂದುತ್ತಿಲ್ಲ ಅಂತ ಲಾಗ್‌ನಲ್ಲಿ ಬರೆದು ಹೊರಗೆ ಹಾಕಿತು. ಹೋದ ಸೆಮಿಸ್ಟರಿನ ಹಾಲ್ ಟಿಕೆಟ್ ತಗೊಂಡು ಈ ಸೆಮಿಸ್ಟರಿನ ಪರೀಕ್ಷೆಗೆ ಹೋದ ಹಾಗಾಯ್ತು. ಫೋಟೋ ನಮ್ಮದೇ, ಹೆಸರೂ ನಮ್ಮದೇ, ಆದರೂ ಒಳಗೆ ಬಿಡಲ್ಲ.

ಇದು ಹಠ ಅಲ್ಲ. ಲಿನಕ್ಸ್ ಎರಡು ಬಾಗಿಲುಗಳಿಗೆ ಎರಡು ನಿಯಮ ಇಟ್ಟುಕೊಂಡಿದೆ. ಹೊರಗಿನ ಬಾಗಿಲು, ಅಂದರೆ ಸಾಮಾನ್ಯ ಪ್ರೋಗ್ರಾಂಗಳು ಬಳಸುವ ಸಿಸ್ಟಂ ಕಾಲ್‌ಗಳು, ಮುರಿಯಬಾರದು ಅಂತ ಕಟ್ಟುನಿಟ್ಟು. ಒಳಗಿನ ಬಾಗಿಲು, ಅಂದರೆ ಮಾಡ್ಯೂಲ್ ಮತ್ತು ಕರ್ನಲ್ ನಡುವಿನ ಫಂಕ್ಷನ್‌ಗಳು, ಸ್ಟ್ರಕ್ಟ್‌ಗಳು, ಯಾವಾಗ ಬೇಕಾದರೂ ಬದಲಾಗಬಹುದು. ಕರ್ನಲ್ ಡೆವಲಪರ್‌ಗಳು ಇದನ್ನು ಬೇಕಂತಲೇ ಹೀಗೆ ಇಟ್ಟಿದ್ದಾರೆ.

ಬದಲಾದರೆ ಏನಾಗುತ್ತೆ ಅಂತ ಸಿ ಕ್ಲಾಸ್ ನೆನಪಿಸಿಕೊಂಡು ಯೋಚಿಸಿ. ಒಂದು ಸ್ಟ್ರಕ್ಟ್‌ನ ನಡುವೆ ಹೊಸದೊಂದು ಪಾಯಿಂಟರ್ ಸೇರಿಸಿದರು ಅಂತಿಟ್ಟುಕೊಳ್ಳಿ. 64 ಬಿಟ್ ಮಷೀನ್‌ನಲ್ಲಿ ಅದರ ಕೆಳಗಿನ ಸದಸ್ಯರೆಲ್ಲ 8 ಬೈಟ್ ಮುಂದೆ ಸರಿಯುತ್ತಾರೆ. ಹಳೇ ಮಾಡ್ಯೂಲ್‌ಗೆ ಇದು ಗೊತ್ತಿಲ್ಲ. ಹಳೇ ಲೆಕ್ಕದಲ್ಲೇ ಬರೆಯುತ್ತೆ, ಅಂದರೆ ಬೇರೆಯವರ ಜಾಗದಲ್ಲಿ ಬರೆಯುತ್ತೆ. ಬಳಕೆದಾರರ ಪ್ರೋಗ್ರಾಂ ಹೀಗೆ ಮಾಡಿದರೆ ಆ ಪ್ರೋಗ್ರಾಂ ಸಾಯುತ್ತೆ. ಕರ್ನಲ್ ಒಳಗೆ ಆದರೆ ಇಡೀ ಮಷೀನ್ ಹೋಗಬಹುದು, ಫೈಲ್ ಸಿಸ್ಟಂ ಕೆಡಬಹುದು. ಅದಕ್ಕೇ ಡೆಬಿಯನ್‌ನ ಕರ್ನಲ್‌ನಲ್ಲಿ ಹೊರಗೆ ಕೊಡುವ ಒಂದೊಂದು ಸಿಂಬಲ್‌ಗೂ ಅದರ ವಿನ್ಯಾಸದಿಂದ ಲೆಕ್ಕ ಹಾಕಿದ ಒಂದು ಸಿಆರ್‌ಸಿ ಇರುತ್ತೆ. ಮಾಡ್ಯೂಲ್ ಕಂಪೈಲ್ ಆದಾಗಿನ ಸಿಆರ್‌ಸಿ ಈಗಿನದಕ್ಕೆ ಹೊಂದದಿದ್ದರೆ ಪ್ರವೇಶ ಇಲ್ಲ. ನಮಗೆ ಬಂದ ಎರರ್ ನಮ್ಮನ್ನು ಕಾಪಾಡಿದ ಎರರ್.

ಡೆಬಿಯನ್ ಈ ಬದಲಾವಣೆಯನ್ನು ಪ್ಯಾಕೇಜಿನ ಹೆಸರಿನಲ್ಲೇ ತೋರಿಸುತ್ತೆ. ಡೆಬಿಯನ್ 12ರಲ್ಲಿ ಕರ್ನಲ್ ಪ್ಯಾಕೇಜಿನ ಹೆಸರಲ್ಲಿ 6.1.0-17, 6.1.0-18 ಅಂತ ಇರುತ್ತಲ್ಲ, ಆ ಕೊನೇ ಸಂಖ್ಯೆ ಒಳಗಿನ ಒಪ್ಪಂದದ ಗುರುತು. ಹೆಸರೇ ಬೇರೆ ಆದ್ದರಿಂದ ಹೊಸದು ಹಳೆಯದರ ಮೇಲೆ ಕೂರದೆ ಪಕ್ಕದಲ್ಲಿ ಕೂರುತ್ತೆ. ಆ ದಿನ ನಮ್ಮನ್ನು ಉಳಿಸಿದ್ದೂ ಇದೇ. ಗ್ರಬ್ ಮೆನುವಿನ ಅಡ್ವಾನ್ಸ್‌ಡ್ ಆಪ್ಷನ್ಸ್‌ನಲ್ಲಿ ಹಳೇ ಕರ್ನಲ್ ಆರಿಸಿದ್ವಿ, ವೈಫೈ ಬಂತು, ಇಂಟರ್ನಲ್ಸ್ ಇಪ್ಪತ್ತು ನಿಮಿಷ ತಡವಾಗಿ ಶುರುವಾಯ್ತು.

ಡಿಕೆಎಂಎಸ್: ಸೋರ್ಸ್ ಇಟ್ಟುಕೊಂಡು ಕಾಯೋ ಕಾವಲುಗಾರ

ಪ್ರತಿ ಕರ್ನಲ್‌ಗೂ ಮಾಡ್ಯೂಲ್ ಮತ್ತೆ ಕಂಪೈಲ್ ಆಗಬೇಕು. ಅದನ್ನು ಮನುಷ್ಯರು ನೆನಪಿಟ್ಟುಕೊಂಡು ಮಾಡೋಕಾಗಲ್ಲ. ಇದೇ ತೊಂದರೆಗೆ 2003ರಲ್ಲಿ ಡೆಲ್ ಕಂಪನಿಯ ಲಿನಕ್ಸ್ ತಂಡ ಬರೆದದ್ದು ಡಿಕೆಎಂಎಸ್.

ಉಪಾಯ ಸರಳ. ಮಾಡ್ಯೂಲ್‌ನ ಬದಲು ಅದರ ಸೋರ್ಸನ್ನು /ಯುಎಸ್ಆರ್/ಎಸ್ಆರ್‌ಸಿ/ ಒಳಗೆ ಹೆಸರು-ವರ್ಷನ್ ಅನ್ನೋ ಫೋಲ್ಡರ್‌ನಲ್ಲಿ ಇಡಬೇಕು. ಜೊತೆಗೆ ಡಿಕೆಎಂಎಸ್ ಡಾಟ್ ಕಾನ್ಫ್ ಅನ್ನೋ ಪುಟ್ಟ ಫೈಲ್. ಅದರಲ್ಲಿ ಐದು ವಿಷಯ ಹೇಳಿದರೆ ಸಾಕು: ಪ್ಯಾಕೇಜಿನ ಹೆಸರು, ವರ್ಷನ್, ಹೊರಬರುವ ಮಾಡ್ಯೂಲ್‌ನ ಹೆಸರು, ಅದನ್ನು ಎಲ್ಲಿ ಇಡಬೇಕು, ಹೊಸ ಕರ್ನಲ್ ಬಂದಾಗ ತಾನಾಗೇ ಕಟ್ಟಬೇಕಾ. ಆಮೇಲೆ ಹೊಸ ಕರ್ನಲ್ ಇನ್‌ಸ್ಟಾಲ್ ಆದಾಗಲೆಲ್ಲ ಅದರ ಹುಕ್ ಡಿಕೆಎಂಎಸ್ ಅನ್ನು ಎಬ್ಬಿಸುತ್ತೆ. ಡಿಕೆಎಂಎಸ್ ಆ ಕರ್ನಲ್‌ಗೆ ಹೊಸದಾಗಿ ಕಂಪೈಲ್ ಮಾಡಿ, ಜಾಗದಲ್ಲಿ ಇಟ್ಟು, ಡೆಪ್‌ಮಾಡ್ ಓಡಿಸುತ್ತೆ. ನೀವು ರೀಬೂಟ್ ಮಾಡೋ ಹೊತ್ತಿಗೆ ಮಾಡ್ಯೂಲ್ ಸಿದ್ಧ.

ಇಲ್ಲಿ ಎರಡು ಹಳ್ಳ ಇವೆ. ನಾವು ಎರಡರಲ್ಲೂ ಬಿದ್ದು ಎದ್ದಿದ್ದೇವೆ.

ಮೊದಲನೆಯದು ಹೆಡರ್ಸ್. ಕಂಪೈಲ್ ಮಾಡೋಕೆ ಆ ಕರ್ನಲ್‌ನದೇ ಹೆಡರ್ ಪ್ಯಾಕೇಜ್ ಬೇಕು. ಎಲ್ಲರೂ ಯುನೇಮ್ -ಆರ್ ಕೊಡೋ ವರ್ಷನ್‌ನ ಹೆಡರ್ಸ್ ಹಾಕ್ತಾರೆ. ಅದು ಇವತ್ತಿನ ಕರ್ನಲ್‌ಗೆ ಮಾತ್ರ. ನಾಳೆ ಹೊಸ ಕರ್ನಲ್ ಬರುತ್ತೆ, ಅದರ ಹೆಡರ್ಸ್ ಬರಲ್ಲ, ಡಿಕೆಎಂಎಸ್ ಕೈಕಟ್ಟಿ ಕೂರುತ್ತೆ. ಹಾಕಬೇಕಾದ್ದು ಲಿನಕ್ಸ್-ಹೆಡರ್ಸ್-ಎಎಂಡಿ64 ಅನ್ನೋ ಮೆಟಾ ಪ್ಯಾಕೇಜ್. ಅದರೊಳಗೆ ಏನೂ ಇಲ್ಲ. "ಈಗಿನ ಹೊಸ ಹೆಡರ್ಸ್ ನನಗೆ ಬೇಕು" ಅನ್ನೋ ಒಂದು ಅವಲಂಬನೆ ಮಾತ್ರ ಇದೆ. ಆ ಒಂದು ಸಾಲೇ ಪ್ರತಿ ಅಪ್‌ಡೇಟ್‌ನಲ್ಲೂ ಹೆಡರ್ಸ್ ಎಳೆದು ತರೋದು.

ಎರಡನೆಯದು ಸೆಕ್ಯೂರ್ ಬೂಟ್. ಅದು ಆನ್ ಇದ್ದರೆ ಸಹಿ ಇಲ್ಲದ ಮಾಡ್ಯೂಲನ್ನು ಡೆಬಿಯನ್ ಕರ್ನಲ್ ಲೋಡ್ ಮಾಡಲ್ಲ. ಡೆಬಿಯನ್ ತಾನು ಕಟ್ಟಿದ ಮಾಡ್ಯೂಲ್‌ಗಳಿಗೆ ಸಹಿ ಹಾಕಿರುತ್ತೆ. ನಿಮ್ಮ ಮಷೀನ್‌ನಲ್ಲಿ ಕಟ್ಟಿದ್ದಕ್ಕೆ ನೀವೇ ಸಹಿ ಹಾಕಬೇಕು. ಈಗಿನ ಡಿಕೆಎಂಎಸ್ ಒಂದು ಕೀಲಿ ತಯಾರಿಸಿ ಸಹಿಯನ್ನೂ ಹಾಕಿಬಿಡುತ್ತೆ. ಆದರೆ ಆ ಕೀಲಿಯನ್ನು ನಂಬು ಅಂತ ಮಷೀನ್‌ಗೆ ಹೇಳಬೇಕಾದ್ದು ನೀವು. ಮಾಕ್‌ಯುಟಿಲ್‌ನಿಂದ ಕೀಲಿ ಕೊಟ್ಟು, ಒಂದು ಪಾಸ್‌ವರ್ಡ್ ಇಟ್ಟು, ರೀಬೂಟ್ ಮಾಡಿದರೆ ನೀಲಿ ಪರದೆ ಬರುತ್ತೆ. ಹೆದರಿ ಆಫ್ ಮಾಡಬೇಡಿ. ಅಲ್ಲಿ ಎನ್‌ರೋಲ್ ಆರಿಸಿ ಅದೇ ಪಾಸ್‌ವರ್ಡ್ ಹೊಡೆಯಿರಿ. ಮಷೀನ್ ಮುಂದೆ ನಿಜವಾಗಿ ಮನುಷ್ಯ ಕೂತಿದ್ದಾನಾ ಅಂತ ಖಾತ್ರಿ ಮಾಡಿಕೊಳ್ಳೋ ಹೆಜ್ಜೆ ಅದು.

ಹಾಗಾದರೆ ಪ್ಯಾಕೇಜ್ ಯಾಕೆ? ಡಿಕೆಎಂಎಸ್ ಸಾಲದಾ?

ಡಿಕೆಎಂಎಸ್ ಕಟ್ಟೋ ಕೆಲಸ ಮಾಡುತ್ತೆ. ಲೆಕ್ಕ ಇಡೋ ಕೆಲಸ ಪ್ಯಾಕೇಜ್ ಮ್ಯಾನೇಜರ್‌ದು.

ಮೇಕ್ ಇನ್‌ಸ್ಟಾಲ್‌ನಿಂದ ಹೋದ ಫೈಲ್ ಸಿಸ್ಟಂಗೆ ಅನಾಥ. ಡಿಪಿಕೆಜಿ -ಎಸ್ ಅಂತ ಕೇಳಿದರೆ (ಈ ಎಸ್ ದೊಡ್ಡಕ್ಷರ) ಯಾವ ಪ್ಯಾಕೇಜಿಗೂ ಸೇರಿಲ್ಲ ಅನ್ನುತ್ತೆ. ನಮ್ಮ ಹಳೇ ಕರ್ನಲ್ ತೆಗೆದಾಗ "ಈ ಫೋಲ್ಡರ್ ಖಾಲಿ ಇಲ್ಲ, ಹಾಗಾಗಿ ತೆಗೆದಿಲ್ಲ" ಅನ್ನೋ ಎಚ್ಚರಿಕೆ ಬಂತು. ತೆರೆದು ನೋಡಿದರೆ ಒಳಗೆ ಇದ್ದದ್ದು ನಾವೇ ಹಾಕಿ ಮರೆತ ಡಾಟ್ ಕೆಓ. ಸೀನಿಯರ್ಸ್ ಪಾಸ್ ಆಗಿ ಹೋದ ಮೇಲೆ ಆ ಫೈಲ್ ಎಲ್ಲಿಂದ ಬಂತು, ಯಾಕೆ ಬಂತು, ತೆಗೆಯಬಹುದಾ ಅಂತ ಹೇಳೋರು ಯಾರು?

ಆದ್ದರಿಂದ ಡಿಕೆಎಂಎಸ್ ಸೋರ್ಸನ್ನೇ ಒಂದು ಡೆಬ್ ಪ್ಯಾಕೇಜ್ ಮಾಡಿದ್ವಿ. ಡೆಬಿಯನ್ ರೂಢಿಯಲ್ಲಿ ಇಂಥ ಪ್ಯಾಕೇಜಿನ ಹೆಸರು -ಡಿಕೆಎಂಎಸ್ ಅಂತ ಮುಗಿಯುತ್ತೆ. ಕಂಟ್ರೋಲ್ ಫೈಲ್‌ನಲ್ಲಿ ಏನೇನು ಬೇಕು ಅಂತ ಬರೆದಿರುತ್ತೆ. ಚೇಂಜ್‌ಲಾಗ್‌ನಲ್ಲಿ ಯಾವಾಗ ಏನು ಬದಲಾಯ್ತು. ಕಾಪಿರೈಟ್ ಫೈಲ್‌ನಲ್ಲಿ ಯಾರದ್ದು, ಯಾವ ಲೈಸೆನ್ಸ್. ಉಳಿದ ಹೊಲಿಗೆ ಕೆಲಸವನ್ನು ಡಿಎಚ್-ಡಿಕೆಎಂಎಸ್ ಅನ್ನೋ ಸಹಾಯಕ ಮಾಡಿಕೊಡುತ್ತೆ. ಪ್ಯಾಕೇಜ್ ತೆಗೆದರೆ ಎಲ್ಲ ಕರ್ನಲ್‌ಗಳಿಂದಲೂ ಮಾಡ್ಯೂಲ್ ಹೋಗುತ್ತೆ. ಆರು ಮಷೀನುಗಳಿಗೂ ಒಂದೇ ಫೈಲ್.

ಡಿಕೆಎಂಎಸ್ ಶಾಶ್ವತ ಪರಿಹಾರ ಅಲ್ಲ ಅನ್ನೋದನ್ನೂ ಹೇಳಬೇಕು. ಕರ್ನಲ್‌ನ ಒಳಗಿನ ಫಂಕ್ಷನ್ ಬದಲಾದರೆ ಸೋರ್ಸ್ ಕಂಪೈಲ್ ಆಗೋದೇ ನಿಲ್ಲುತ್ತೆ, ಯಾರಾದರೂ ಕೂತು ತಿದ್ದಬೇಕು. ಡ್ರೈವರ್ ಕರ್ನಲ್‌ನ ಮೂಲ ಸೋರ್ಸಿನಲ್ಲೇ ಸೇರಿದ್ದರೆ ಆ ಫಂಕ್ಷನ್ ಬದಲಿಸಿದವರೇ ಡ್ರೈವರನ್ನೂ ತಿದ್ದುತ್ತಾರೆ. ಡಾಂಗಲ್ ಕೊಳ್ಳೋ ಮೊದಲು "ಇದರ ಡ್ರೈವರ್ ಕರ್ನಲ್‌ನಲ್ಲೇ ಇದೆಯಾ?" ಅಂತ ನೋಡೋದು ಎಲ್ಲಕ್ಕಿಂತ ಅಗ್ಗದ ಉಪಾಯ.

ಫರ್ಮ್‌ವೇರ್: ಇಲ್ಲಿ ತಂತ್ರಕ್ಕಿಂತ ಹಕ್ಕಿನ ಪ್ರಶ್ನೆ ದೊಡ್ಡದು

ಮಾಡ್ಯೂಲ್‌ನ ಸೋರ್ಸ್ ಸಿಗುತ್ತೆ, ನಾವೇ ಕಟ್ಟಬಹುದು. ಫರ್ಮ್‌ವೇರ್ ಸಾಮಾನ್ಯವಾಗಿ ಸೋರ್ಸ್ ಇಲ್ಲದ ಬೈನರಿ. ಎಷ್ಟೋ ಲೈಸೆನ್ಸ್‌ಗಳು "ಹಂಚಬಹುದು, ಬದಲಿಸುವಂತಿಲ್ಲ" ಅನ್ನುತ್ತವೆ. ಆದರೆ ಡೆಬಿಯನ್ 1997ರಲ್ಲೇ ಒಂದು ಸಾಮಾಜಿಕ ಒಪ್ಪಂದ ಬರೆದುಕೊಂಡು, ನಮ್ಮ ಸಿಸ್ಟಂ ನೂರಕ್ಕೆ ನೂರು ಸ್ವತಂತ್ರ ಸಾಫ್ಟ್‌ವೇರ್ ಆಗಿರುತ್ತೆ ಅಂತ ಮಾತು ಕೊಟ್ಟಿತ್ತು. 2011ರ ಡೆಬಿಯನ್ 6ರಲ್ಲಿ ಕರ್ನಲ್‌ನಿಂದ ಸ್ವತಂತ್ರವಲ್ಲದ ಫರ್ಮ್‌ವೇರ್ ತೆಗೆದು ನಾನ್-ಫ್ರೀ ಅನ್ನೋ ಬೇರೆ ವಿಭಾಗಕ್ಕೆ ಹಾಕಿದರು.

ತತ್ವ ಸರಿ. ಆದರೆ ಈಥರ್ನೆಟ್ ಪೋರ್ಟೇ ಇಲ್ಲದ ಲ್ಯಾಪ್‌ಟಾಪ್ ಹಿಡಿದು ಹಾಸ್ಟೆಲ್‌ನಲ್ಲಿ ಕೂತವರ ಗತಿ? ವೈಫೈ ಬರಬೇಕಾದರೆ ಫರ್ಮ್‌ವೇರ್ ಬೇಕು, ಫರ್ಮ್‌ವೇರ್ ಇಳಿಸಬೇಕಾದರೆ ವೈಫೈ ಬೇಕು. ಬೀಜ ಮೊದಲಾ ಮರ ಮೊದಲಾ? ಫರ್ಮ್‌ವೇರ್ ಸೇರಿಸಿದ ಇನ್‌ಸ್ಟಾಲರ್ ಬೇರೆ ಇತ್ತು, ಆದರೆ ಅದು "ಅನಧಿಕೃತ", ಹೊಸಬರಿಗೆ ಸುಲಭವಾಗಿ ಕಣ್ಣಿಗೆ ಬೀಳುತ್ತಿರಲಿಲ್ಲ.

2022ರಲ್ಲಿ ಡೆಬಿಯನ್ ಸದಸ್ಯರು ಇದನ್ನು ಮತಕ್ಕೆ ಹಾಕಿದರು. ಸಾಮಾಜಿಕ ಒಪ್ಪಂದ ಮೂಲ ದಾಖಲೆ, ಅದನ್ನು ತಿದ್ದಲು 3:1 ಬಹುಮತ ಬೇಕು. ಅಕ್ಟೋಬರ್ ಮೊದಲಲ್ಲಿ ಫಲಿತಾಂಶ ಬಂತು: ಒಪ್ಪಂದದ 5ನೇ ಅಂಶಕ್ಕೆ ಒಂದು ವಾಕ್ಯ ಸೇರಿಸಿ, ಅಧಿಕೃತ ಇನ್‌ಸ್ಟಾಲರ್‌ನಲ್ಲಿ ಇಂಥ ಫರ್ಮ್‌ವೇರ್ ಇಡಬಹುದು ಅಂತ ಒಪ್ಪಿಕೊಂಡರು. 2023ರ ಜೂನ್ 10ರಂದು ಬಂದ ಡೆಬಿಯನ್ 12ರಿಂದ ನಾನ್-ಫ್ರೀ-ಫರ್ಮ್‌ವೇರ್ ಅನ್ನೋ ಪ್ರತ್ಯೇಕ ವಿಭಾಗ ಇದೆ. ಬೇಡ ಅನ್ನೋರು ಇನ್‌ಸ್ಟಾಲರ್ ಬೂಟ್ ಆಗುವಾಗಲೇ ಫರ್ಮ್‌ವೇರ್=ನೆವರ್ ಅಂತ ಹೇಳಬಹುದು.

ನಮಗೆ ಇಲ್ಲಿ ಹಿಡಿಸಿದ್ದು, ಅವರು ಬೈನರಿಯನ್ನು ಸದ್ದಿಲ್ಲದೆ ಮುಖ್ಯ ವಿಭಾಗದೊಳಗೆ ತೂರಿಸಲಿಲ್ಲ ಅನ್ನೋದು. ಬೇರೆ ಶೆಲ್ಫ್‌ನಲ್ಲಿಟ್ಟು ಅದರ ಮೇಲೆ ಸರಿಯಾದ ಚೀಟಿ ಅಂಟಿಸಿದರು. ನಿಮ್ಮ ಮಷೀನ್‌ನಲ್ಲಿ ಯಾವುದನ್ನು ನೀವು ಓದಿ ತಿದ್ದಬಹುದು, ಯಾವುದನ್ನು ಬರೀ ನಂಬಬೇಕು ಅಂತ ಆ ಚೀಟಿ ಹೇಳುತ್ತೆ.

ಫರ್ಮ್‌ವೇರ್ ಯಾವಾಗಲೂ ಮುಚ್ಚಿದ ಡಬ್ಬಿಯೇ ಆಗಿರಬೇಕಿಲ್ಲ. ಮೇಲೆ ಹೇಳಿದ ಎಆರ್9271 ಚಿಪ್‌ನ ಫರ್ಮ್‌ವೇರ್ ಸೋರ್ಸನ್ನು 2013ರಲ್ಲಿ ಬಿಡುಗಡೆ ಮಾಡಿದರು. ಡೆಬಿಯನ್‌ನಲ್ಲಿ ಅದು ಮುಖ್ಯ ವಿಭಾಗದಲ್ಲೇ ಇದೆ. ಆದರೆ ಚಿಪ್‌ನ ಒಳಗಿರೋದು ಎಕ್ಸ್‌ಟೆನ್ಸಾ ಪ್ರೊಸೆಸರ್. ನಮ್ಮ ಲ್ಯಾಪ್‌ಟಾಪ್‌ನ ಕಂಪೈಲರ್ ಸಾಲದು, ಕ್ರಾಸ್ ಕಂಪೈಲರ್ ಬೇಕು. ಸೋರ್ಸ್ ಇದ್ದರೆ ಸಾಲದು, ಕಟ್ಟೋ ಸಲಕರಣೆಯೂ ಸಿಗಬೇಕು ಅನ್ನೋ ಪಾಠ ಇದರಲ್ಲಿದೆ.

ಫರ್ಮ್‌ವೇರ್ ಪ್ಯಾಕೇಜ್ ಮಾಡೋರ ಮೂರು ಎಚ್ಚರಿಕೆ

ಒಂದು, ಹಳೇ ಫೈಲ್ ಎಸೆಯಬೇಡಿ. ಇಂಟೆಲ್ ವೈಫೈ ಫರ್ಮ್‌ವೇರ್ ಫೈಲ್ ಹೆಸರಿನ ಕೊನೆಯಲ್ಲಿ ಒಂದು ಸಂಖ್ಯೆ ಇರುತ್ತೆ. ಡ್ರೈವರ್ ತನಗೆ ಗೊತ್ತಿರೋ ದೊಡ್ಡ ಸಂಖ್ಯೆಯಿಂದ ಶುರುಮಾಡಿ ಒಂದೊಂದೇ ಇಳಿಯುತ್ತಾ ಹುಡುಕುತ್ತೆ. ಪಕ್ಕದಲ್ಲೇ ಇರೋ ಹಳೇ ಕರ್ನಲ್‌ಗೆ ಹಳೇ ಸಂಖ್ಯೆಯೇ ಬೇಕಾಗಬಹುದು. ಇದೇ ಕಾರಣಕ್ಕೆ, ಡಿಮೆಸೇಜ್‌ನಲ್ಲಿ ಒಂದೆರಡು "-2" ಕಂಡ ಕೂಡಲೇ ಗಾಬರಿ ಬೇಡ. ಕೊನೆಗೆ ಯಾವುದಾದರೂ ಲೋಡ್ ಆಯ್ತಾ ನೋಡಿ.

ಎರಡು, ಬೂಟ್‌ನ ಆರಂಭದಲ್ಲೇ ಬೇಕಾಗುವ ಫರ್ಮ್‌ವೇರ್ ಇನಿಟ್‌ರಾಮ್‌ಎಫ್‌ಎಸ್ ಒಳಗೆ ಇರಬೇಕು. ಗ್ರಾಫಿಕ್ಸ್ ಡ್ರೈವರ್ ಏಳುವ ಹೊತ್ತಿಗೆ ಡಿಸ್ಕ್ ಇನ್ನೂ ಮೌಂಟ್ ಆಗಿರದೇ ಇರಬಹುದು. ಮಾಡ್ಯೂಲ್ ಬರೆದವರು ತಮಗೆ ಬೇಕಾದ ಫರ್ಮ್‌ವೇರ್ ಹೆಸರನ್ನು ಮಾಡ್ಯೂಲ್‌ನಲ್ಲೇ ಘೋಷಿಸಿದ್ದರೆ ಮಾಡ್‌ಇನ್ಫೋ ಅದನ್ನು ತೋರಿಸುತ್ತೆ, ಇನಿಟ್‌ರಾಮ್‌ಎಫ್‌ಎಸ್ ಕಟ್ಟೋ ಪ್ರೋಗ್ರಾಂ ಅದನ್ನೇ ನೋಡಿ ಫೈಲ್ ಸೇರಿಸುತ್ತೆ.

ಮೂರು, ಲೈಸೆನ್ಸ್ ಕಾಗದ ಜೊತೆಗೇ ಇರಲಿ. ಲಿನಕ್ಸ್-ಫರ್ಮ್‌ವೇರ್ ಭಂಡಾರದಲ್ಲಿ ವೆನ್ಸ್ ಅನ್ನೋ ಒಂದು ಫೈಲ್ ಇದೆ. "ಎಲ್ಲಿಂದ" ಅಂತ ಅದರ ಅರ್ಥ. ಒಂದೊಂದು ಬೈನರಿ ಯಾವ ಡ್ರೈವರ್‌ಗೆ, ಯಾವ ಲೈಸೆನ್ಸ್‌ನಲ್ಲಿ ಬಂತು ಅಂತ ಅದರಲ್ಲಿ ಬರೆದಿರುತ್ತೆ. ಸಿಕ್ಕ ಸಿಕ್ಕ ಕಡೆಯಿಂದ ಬೈನರಿ ಕಾಪಿ ಮಾಡೋ ಮೊದಲು ಈ ಪ್ರಶ್ನೆ ನೀವೂ ಕೇಳಿ.

ಮಾಡಿ ನೋಡಿ

1. ನಿಮ್ಮ ವೈಫೈ ಮಾಡ್ಯೂಲ್ ಯಾವುದು ಅಂತ ಎಲ್‌ಎಸ್‌ಪಿಸಿಐ -ಕೆ ಅಥವಾ ಎಲ್‌ಎಸ್‌ಯುಎಸ್‌ಬಿ -ಟಿ ಹೊಡೆದು ಹುಡುಕಿ.
2. ಆ ಹೆಸರಿಗೆ ಮಾಡ್‌ಇನ್ಫೋ ಹೊಡೆಯಿರಿ. ಫರ್ಮ್‌ವೇರ್, ವರ್‌ಮ್ಯಾಜಿಕ್, ಸೈನರ್ ಸಾಲುಗಳನ್ನು ಓದಿ. ಈ ಪಾಠದ ಅರ್ಧ ಅಲ್ಲೇ ಇದೆ.
3. ಆ ಡಾಟ್ ಕೆಓ ಫೈಲ್ ಯಾವ ಪ್ಯಾಕೇಜಿನದು ಅಂತ ಡಿಪಿಕೆಜಿಯನ್ನು ಕೇಳಿ. ಉತ್ತರ ಬರದಿದ್ದರೆ ಮುಂದಿನ ಅಪ್‌ಡೇಟ್‌ಗೆ ಮೊದಲೇ ಎಚ್ಚೆತ್ತುಕೊಳ್ಳಿ.
4. ಡೆಬಿಯನ್ 11ರಿಂದ ಅಪ್‌ಗ್ರೇಡ್ ಮಾಡಿದ್ದೀರಾ? ಎಪಿಟಿ ಪಟ್ಟಿಯಲ್ಲಿ ನಾನ್-ಫ್ರೀ-ಫರ್ಮ್‌ವೇರ್ ಸೇರಿದೆಯಾ ನೋಡಿ. ಸೇರಿಸದಿದ್ದರೆ ವೈಫೈ ಹಳೇ ಫೈಲ್‌ನಲ್ಲೇ ಓಡುತ್ತಿರುತ್ತೆ, ಪ್ರೊಸೆಸರ್ ಮೈಕ್ರೋಕೋಡ್‌ನ ಭದ್ರತಾ ತಿದ್ದುಪಡಿಗಳು ಮಾತ್ರ ಬರಲ್ಲ. ಹೊರಗಿನಿಂದ ಏನೂ ಕೆಟ್ಟ ಹಾಗೆ ಕಾಣಲ್ಲ, ಅಪಾಯ ಇರೋದೇ ಅಲ್ಲಿ.
5. ಡಿಕೆಎಂಎಸ್ ಬಳಸುತ್ತಿದ್ದರೆ ಡಿಕೆಎಂಎಸ್ ಸ್ಟೇಟಸ್ ಹೊಡೆದು, ಇರೋ ಎಲ್ಲ ಕರ್ನಲ್‌ಗಳಿಗೂ "ಇನ್‌ಸ್ಟಾಲ್ಡ್" ಅಂತ ಇದೆಯಾ ನೋಡಿ. ರೀಬೂಟ್‌ಗೆ ಮೊದಲು ನೋಡಿ, ಆಮೇಲೆ ಅಲ್ಲ.

ಲ್ಯಾಬ್‌ನ ಆರು ಮಷೀನುಗಳಲ್ಲಿ ಈಗ ಅದೇ ಡಾಂಗಲ್, ಅದೇ ಡ್ರೈವರ್ ಓಡುತ್ತಿದೆ. ಅದಾದ ಮೇಲೆ ಮೂರು ಸಲ ಕರ್ನಲ್ ಬದಲಾಗಿದೆ. ಯಾರೂ ಗಮನಿಸಲಿಲ್ಲ, ಯಾರೂ ನಮಗೆ ಫೋನ್ ಮಾಡಲಿಲ್ಲ. ಮುಂದಿನ ವರ್ಷ ನಾವು ಇಲ್ಲಿ ಇರಲ್ಲ. ಜೂನಿಯರ್ಸ್‌ಗೆ ಆ ಪ್ಯಾಕೇಜಿನ ಚೇಂಜ್‌ಲಾಗ್ ಬಿಟ್ಟು ಹೋಗುತ್ತಿದ್ದೇವೆ. ಡ್ರೈವರ್ ಕಂಪೈಲ್ ಆಗೋದು ನಿಂತ ದಿನ ಅದರಲ್ಲಿ ಮುಂದಿನ ಸಾಲು ಬರೆಯಬೇಕಾದವರು ನೀವು.